ಬೇಲೆಕೇರಿಯ ಅದಿರು ‘ಮಾಯ’ವಾದದ್ದು ಹೇಗೆ: ಹಗರಣದ ಸುದ್ದಿಯನ್ನು ಬಿಡಿಸಿ ಓದುವ ಕ್ರಮ

ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರಿನಲ್ಲಿ 2010ರ ಮಾರ್ಚ್‌ನಲ್ಲಿ ಅರಣ್ಯ ಇಲಾಖೆ ಸುಮಾರು 8 ಲಕ್ಷ ಟನ್ ಕಬ್ಬಿಣದ ಅದಿರನ್ನು ಜಪ್ತಿ ಮಾಡಿತು. ಜೂನ್ ಹೊತ್ತಿಗೆ ನೋಡಿದರೆ ಅದರಲ್ಲಿ ಲಕ್ಷಾಂತರ ಟನ್ ಅಲ್ಲಿರಲಿಲ್ಲ. ಒಂದು ಪತ್ರಿಕೆ 5 ಲಕ್ಷ ಎಂದಿತು, ಇನ್ನೊಂದು 6 ಲಕ್ಷ ಎಂದಿತು. ಎಲ್ಲರೂ ಬಳಸಿದ ಪದ ಮಾತ್ರ ಒಂದೇ: ‘ಮಾಯ’.

ಕಿಸೆಯ ಪೆನ್ನು ಮಾಯವಾಗಬಹುದು. 6 ಲಕ್ಷ ಟನ್ ಕಲ್ಲುಮಣ್ಣು ಹಾಗಾಗುವುದಿಲ್ಲ. ಟಿಪ್ಪರಿಗೆ 16 ಟನ್ ಎಂದು ಹಿಡಿದರೂ ರಾಶಿಯಿಂದ ಧಕ್ಕೆಗೆ (ಜೆಟ್ಟಿಗೆ) ಸಾಗಿಸಲು 37,500 ಸಲ ಓಡಾಡಬೇಕು. ಬೇಲೆಕೇರಿಯಲ್ಲಿ ದೊಡ್ಡ ಹಡಗು ದಡಕ್ಕೆ ಬರುವಷ್ಟು ಆಳವಿಲ್ಲ. ಬಾರ್ಜಿಗೆ, ಅಂದರೆ ಚಪ್ಪಟೆ ತಳದ ಸರಕು ದೋಣಿಗೆ, ತುಂಬಿ ಹೊರಗಡೆ ಲಂಗರು ಹಾಕಿದ ಹಡಗಿಗೆ ಒಯ್ಯಬೇಕು. ಬಾರ್ಜಿಗೆ 1,500 ಟನ್ ಎಂದರೆ 400 ಸಲ, ಹಡಗಿಗೆ 50 ಸಾವಿರ ಟನ್ ಎಂದರೆ 12 ಹಡಗು. ಅದೂ ಮಳೆಗಾಲಕ್ಕೆ ಬಾರ್ಜುಗಳು ನಿಲ್ಲುವ ಮೊದಲು, ಎರಡು ಮೂರು ತಿಂಗಳೊಳಗೆ. ಇಷ್ಟು ಲೋಡರ್, ಇಷ್ಟು ಟಿಪ್ಪರ್, ಇಷ್ಟು ಜನ, ಹಗಲೂ ರಾತ್ರಿ. ಊರಿನವರಿಗೆ ಇದು ಕಾಣದೇ ಇರುವುದು ಸಾಧ್ಯವಿಲ್ಲ. ಕಂಡದ್ದು ಸುದ್ದಿಯಾಗುವುದಕ್ಕೆ ಮಾತ್ರ ಬೇರೆ ದಾರಿ ಬೇಕಾಯಿತು.

ರಾಜಕೀಯ ಹಗರಣ ಎನ್ನುವುದನ್ನು ನಾವು ಸಾಮಾನ್ಯವಾಗಿ ಮುಖಗಳ ಮೂಲಕ ನೆನಪಿಡುತ್ತೇವೆ. ಯಾರು ರಾಜೀನಾಮೆ ಕೊಟ್ಟರು, ಯಾರು ಜೈಲಿಗೆ ಹೋದರು, ಯಾರು ಹೊರಗೆ ಬಂದು ಕೈ ಬೀಸಿದರು. ಪತ್ರಿಕೆಯವರೂ ಹಾಗೇ ಬರೆಯುತ್ತಾರೆ, ಏಕೆಂದರೆ ಮುಖಕ್ಕೆ ಫೋಟೊ ಇದೆ. ಹಗರಣದ ಜೀವ ಇರುವುದು ಕಾಗದದಲ್ಲಿ, ಒಂದು ಕಚೇರಿಯ ಕಾಗದಕ್ಕೂ ಮತ್ತೊಂದರ ಕಾಗದಕ್ಕೂ ಲೆಕ್ಕ ತಾಳೆಯಾಗದ ಜಾಗದಲ್ಲಿ. ಆ ಜಾಗ ಯಾವುದೆಂದು ಗೊತ್ತಿದ್ದರೆ ಸುದ್ದಿಯನ್ನು ಬರೆಯುವುದೂ ಓದುವುದೂ ಬೇರೆಯೇ ಆಗುತ್ತದೆ.

ಒಂದು ಲೋಡಿಗೆ ಎಷ್ಟು ಕಾಗದ

ಗಣಿಯಿಂದ ಹೊರಡುವ ಅದಿರಿಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರ್ಮಿಟ್ ಬೇಕು. ಅರಣ್ಯದ ಉತ್ಪನ್ನ ಎಂಬ ಲೆಕ್ಕದಲ್ಲಿ ಅರಣ್ಯ ಇಲಾಖೆಯ ಸಾಗಣೆ ಪರವಾನಗಿ ಬೇಕು. ತೂಕಸೇತುವೆಯ ಚೀಟಿ ಇರಬೇಕು. ಲಾರಿ ಹೊಸಪೇಟೆ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ತನಿಖಾ ಠಾಣೆಗಳಲ್ಲಿ ನಮೂದಾಗಬೇಕು. ಬಂದರಿಗೆ ಬಂದ ಮೇಲೆ ದಾಸ್ತಾನು ವಹಿ, ಬಂದರು ಇಲಾಖೆಗೆ ಕಟ್ಟಿದ ಶುಲ್ಕದ ರಸೀದಿ, ಬಾರ್ಜ್ ತುಂಬಿದ ದಾಖಲೆ. ಕೊನೆಗೆ ಕಸ್ಟಮ್ಸ್‌ನ ಶಿಪ್ಪಿಂಗ್ ಬಿಲ್, ಸರಕು ಹತ್ತಿಸಿಕೊಂಡದ್ದಕ್ಕೆ ಹಡಗಿನವರು ಕೊಡುವ ರಸೀದಿಯಾದ ಬಿಲ್ ಆಫ್ ಲೇಡಿಂಗ್, ಹಡಗು ನೀರಿನಲ್ಲಿ ಎಷ್ಟು ಮುಳುಗಿದೆ ಎಂದು ಅಳೆದು ಸರಕಿನ ತೂಕ ಹೇಳುವ ಡ್ರಾಫ್ಟ್ ಸರ್ವೆ.

ಇದರಲ್ಲಿ ಗಣಿ, ಅರಣ್ಯ, ಬಂದರು ರಾಜ್ಯದ ಇಲಾಖೆಗಳು, ಕಸ್ಟಮ್ಸ್ ಕೇಂದ್ರದ್ದು. ಒಬ್ಬರ ವಹಿಯನ್ನು ಇನ್ನೊಬ್ಬರು ನೋಡಲೇಬೇಕೆಂಬ ಏರ್ಪಾಡು ಆಗ ಗಟ್ಟಿಯಾಗಿ ಇರಲಿಲ್ಲ. ಪರ್ಮಿಟ್ಟಿನಲ್ಲಿ 10 ಟನ್, ಲಾರಿಯಲ್ಲಿ 18 ಟನ್. ಒಂದೇ ಪರ್ಮಿಟ್ಟಿಗೆ ಎರಡು ಮೂರು ಸಲ ಓಡಾಟ. ಹಡಗಿನ ಕಾಗದ ಮಾತ್ರ ಸರಿಯಾದ ತೂಕ ಹೇಳುತ್ತದೆ, ಏಕೆಂದರೆ ಅಲ್ಲಿ ದುಡ್ಡು ಕೊಡುವವನು ಪರದೇಶದ ಖರೀದಿದಾರ. ಹಾಗಾಗಿ ತನಿಖೆಯವರು ಹಿಂದುಮುಂದಾಗಿ ನಡೆದರು: ಹಡಗಿನಲ್ಲಿ ಹೋದದ್ದು ಎಷ್ಟು ಎಂದು ಮೊದಲು ಹಿಡಿದು, ಪರ್ಮಿಟ್ ಇದ್ದದ್ದನ್ನು ಅದರಿಂದ ಕಳೆದರು. ಉಳಿದದ್ದು ಅಕ್ರಮ. ಅಕ್ರಮ ಗಣಿಗಾರಿಕೆಯ ಬಗ್ಗೆ 2011ರಲ್ಲಿ ಬಂದ ಲೋಕಾಯುಕ್ತ ವರದಿಯ ಬೆನ್ನೆಲುಬು ಈ ಕಳೆಯುವ ಲೆಕ್ಕವೇ. ಮರಳು, ಕಟ್ಟಿಗೆ, ಪಡಿತರ ಅಕ್ಕಿ, ಯಾವ ಸರಕಿನ ಹಗರಣಕ್ಕೂ ಇದೇ ಸೂತ್ರ ನಡೆಯುತ್ತದೆ: ಸುಳ್ಳು ಹೇಳಿದರೆ ನಷ್ಟವಾಗುವ ಮನುಷ್ಯನ ಕಾಗದ ಯಾವುದೋ, ಅದನ್ನು ಮೊದಲು ಹುಡುಕಬೇಕು.

5 ಲಕ್ಷವೋ 6 ಲಕ್ಷವೋ ಎಂಬ ಗೊಂದಲಕ್ಕೂ ಕಾರಣವಿದೆ. ರಾಶಿ ಹಾಕಿದ ಅದಿರನ್ನು ಯಾರೂ ತಕ್ಕಡಿಯಲ್ಲಿ ತೂಗುವುದಿಲ್ಲ. ರಾಶಿಯ ಉದ್ದ, ಅಗಲ, ಎತ್ತರ ಅಳೆದು ಘನಮೀಟರ್ ಕಂಡುಕೊಂಡು ಸಾಂದ್ರತೆಯಿಂದ ಗುಣಿಸುತ್ತಾರೆ. 3 ಲಕ್ಷ ಘನಮೀಟರ್ ರಾಶಿಗೆ ಸಾಂದ್ರತೆ 2.2 ಹಾಕಿದರೆ 6.6 ಲಕ್ಷ ಟನ್, 2.6 ಹಾಕಿದರೆ 7.8 ಲಕ್ಷ. ಅದೇ ರಾಶಿ, ಅದೇ ದಿನ, 1.2 ಲಕ್ಷ ಟನ್ ವ್ಯತ್ಯಾಸ. ಮೇಲೆ ತೇವಾಂಶ: ಶೇ. 8 ನೀರಿದ್ದರೆ 1 ಲಕ್ಷ ಟನ್ನಿನಲ್ಲಿ 8 ಸಾವಿರ ಟನ್ ಬರೀ ನೀರು. ‘ಅಳತೆ ತಪ್ಪಾಗಿತ್ತು, ಅದಿರು ಕಳವಾಗಿಲ್ಲ’ ಎಂಬ ಸಮರ್ಥನೆ ಹುಟ್ಟುವುದು ಇಲ್ಲಿಂದ. ಅದಕ್ಕೆ ಉತ್ತರ ಕೊಡಲು ವರದಿಗಾರನ ಕೈಯಲ್ಲಿ ಜಪ್ತಿಯ ಮಹಜರು ಇರಬೇಕು, ಅದರಲ್ಲಿ ಅಳತೆ ಹೇಗೆ ಮಾಡಿದರು ಎಂಬ ಸಾಲು ಇರಬೇಕು. ಮಹಜರು ಓದದೆ ಟನ್ ಲೆಕ್ಕ ಬರೆದವನು ಮರುದಿನದ ಸುದ್ದಿಗೋಷ್ಠಿಯಲ್ಲಿ ಪೆಚ್ಚಾಗುತ್ತಾನೆ.

ಕೋಟಿಯ ಅಂಕಿ ಎಲ್ಲಿಂದ ಬರುತ್ತದೆ

ತಲೆಬರಹಕ್ಕೆ ಟನ್ ಸಾಲದು, ಕೋಟಿ ಬೇಕು. ಕಬ್ಬಿಣದ ಅದಿರಿಗೆ ಸರ್ಕಾರಕ್ಕೆ ಕಟ್ಟುವ ರಾಜಧನ (ರಾಯಲ್ಟಿ) 2009ರ ಆಗಸ್ಟ್‌ವರೆಗೆ ದರ್ಜೆಯ ಮೇಲೆ ಟನ್ನಿಗೆ ಇಷ್ಟು ರೂಪಾಯಿ ಎಂದು ನಿಗದಿಯಾಗಿತ್ತು. ಒಳ್ಳೆಯ ದರ್ಜೆಗೂ 27 ರೂಪಾಯಿ ಮೀರುತ್ತಿರಲಿಲ್ಲ. ಆಮೇಲೆ ಮಾರಾಟ ಬೆಲೆಯ ಶೇ. 10 ಆಯಿತು. ಈಗ 6 ಲಕ್ಷ ಟನ್ ಹೋಯಿತೆಂದು ಇಟ್ಟುಕೊಂಡು, ಬೆಲೆಯನ್ನು ಉದಾಹರಣೆಗೆ ಟನ್ನಿಗೆ 3,000 ರೂಪಾಯಿ ಎಂದು ಹಿಡಿದು ನೋಡಿ. ಹಳೆಯ ರಾಜಧನದಲ್ಲಿ ಸರ್ಕಾರಕ್ಕೆ ತಪ್ಪಿದ್ದು 1.62 ಕೋಟಿ. ಹೊಸ ರಾಜಧನದಲ್ಲಿ 18 ಕೋಟಿ. ಅದಿರಿನ ಪೂರ್ತಿ ಬೆಲೆಯೇ ನಷ್ಟ ಎಂದರೆ 180 ಕೋಟಿ. ಮೂರೂ ‘ಸರ್ಕಾರಕ್ಕೆ ನಷ್ಟ’ ಎಂದೇ ಅಚ್ಚಾಗಬಹುದು, ಮೂರಕ್ಕೂ ಸಮರ್ಥನೆ ಇದೆ. ಕದ್ದ ಮಾಲಿನ ಪೂರ್ತಿ ಬೆಲೆ ಕೊಡಬೇಕು ಎನ್ನುವವರದ್ದೂ ಸರಿಯಾದ ವಾದವೇ. ಆದರೆ ಯಾವ ಲೆಕ್ಕ ಎಂದು ಹೇಳದೆ ಅಂಕಿ ಮಾತ್ರ ಕೊಟ್ಟರೆ ಅದು ಸುದ್ದಿಯಾಗದು, ಬರೀ ಸದ್ದಾಗುತ್ತದೆ.

2ಜಿ ತರಂಗಗುಚ್ಛದ ಪ್ರಕರಣದಲ್ಲಿ ದೇಶವೇ ಬಾಯಿಪಾಠ ಮಾಡಿಕೊಂಡ 1.76 ಲಕ್ಷ ಕೋಟಿಯ ಕಥೆಯೂ ಇಷ್ಟೇ. 2010ರ ಸಿಎಜಿ (ಮಹಾಲೇಖಪಾಲರ) ವರದಿಯಲ್ಲಿ ಒಂದಲ್ಲ, ನಾಲ್ಕು ಅಂದಾಜುಗಳಿದ್ದವು: ಕಡಿಮೆಯದು 57,666 ಕೋಟಿ, ಹೆಚ್ಚಿನದು 1,76,645 ಕೋಟಿ. ಪತ್ರಿಕೆಗಳು ಹೆಚ್ಚಿನದನ್ನೇ ಎತ್ತಿಕೊಂಡವು, ಅದು ‘ಅಂದಾಜು ನಷ್ಟ’ ಎಂಬುದು ಎರಡನೇ ವಾರಕ್ಕೆ ಉದುರಿಹೋಯಿತು. ಸುಪ್ರೀಂ ಕೋರ್ಟ್ 2012ರ ಫೆಬ್ರುವರಿಯಲ್ಲಿ 122 ಪರವಾನಗಿ ರದ್ದು ಮಾಡಿತು. 2017ರ ಡಿಸೆಂಬರಿನಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನೆಲ್ಲ ಖುಲಾಸೆ ಮಾಡಿತು. ಎರಡೂ ಹೇಗೆ ಸಾಧ್ಯ ಎಂದು ಓದುಗ ತಲೆ ಕೆರೆದುಕೊಂಡದ್ದು ಪತ್ರಿಕೆಗಳ ತಪ್ಪು. ಹಂಚಿಕೆಯ ಕ್ರಮ ಸರಿಯಿರಲಿಲ್ಲ ಎಂದು ಹೇಳುವುದು ಒಂದು ಪ್ರಶ್ನೆ. ಇಂಥವನು ಲಂಚ ತಿಂದ ಎಂದು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡುವುದು ಇನ್ನೊಂದು.

ಕರ್ನಾಟಕದ ಲೋಕಾಯುಕ್ತ ಗಣಿ ವರದಿ 2011ರ ಜುಲೈ 27ರಂದು ಸಲ್ಲಿಕೆಯಾದಾಗ ಹೇಳಿದ ನಷ್ಟ 16,085 ಕೋಟಿ. ಆ ಮೊತ್ತ ಇಡೀ ರಾಜ್ಯದ ಹಲವು ವರ್ಷದ, ಹಲವು ಬಂದರಿನ ಲೆಕ್ಕ. ‘ಬೇಲೆಕೇರಿ ಹಗರಣ: 16 ಸಾವಿರ ಕೋಟಿ’ ಎಂದು ಇಂದಿಗೂ ಅಲ್ಲಲ್ಲಿ ಬರುತ್ತದೆ. ಅದು ತಪ್ಪು.

ಯಾವ ಹಂತದಲ್ಲಿ ಯಾವ ಪದ

ಹಗರಣದ ಸುದ್ದಿ ಓದುವಾಗ ಕೇಳಬೇಕಾದ ಮೊದಲ ಪ್ರಶ್ನೆ: ಕಾಗದ ಈಗ ಯಾರ ಮೇಜಿನ ಮೇಲಿದೆ?

ದೂರು ಎಂದರೆ ಯಾರೋ ಒಬ್ಬರು ಬರೆದುಕೊಟ್ಟ ಕಾಗದ, ಅಷ್ಟೇ. ಅದರ ಮೇಲೆ ಸ್ವೀಕೃತಿಯ ಮುದ್ರೆ ಬಿದ್ದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ‘ಲೋಕಾಯುಕ್ತಕ್ಕೆ ದೂರು, ಸಚಿವರಿಗೆ ಸಂಕಷ್ಟ’ ಎಂಬ ತಲೆಬರಹದ ಹಿಂದೆ ಅನೇಕ ಸಲ ಇರುವುದು ಈ ಮುದ್ರೆ ಮಾತ್ರ. ಸಾರ್ವಜನಿಕ ಸೇವಕರು ಅಧಿಕಾರದಲ್ಲಿ ಕೈಗೊಂಡ ತೀರ್ಮಾನದ ಬಗ್ಗೆ ತನಿಖೆ ಶುರು ಮಾಡಲು ಭ್ರಷ್ಟಾಚಾರ ತಡೆ ಕಾಯ್ದೆಯ 17ಎ ಕಲಮಿನ ಕೆಳಗೆ ಮುಂಚಿತ ಒಪ್ಪಿಗೆ ಬೇಕು. ಇದು 2018ರ ತಿದ್ದುಪಡಿ. ವಿಚಾರಣೆಗೆ ಕೋರ್ಟಿಗೆ ಹೋಗುವಾಗ 19ನೇ ಕಲಮಿನ ಅನುಮತಿ ಬೇಕು. ಎರಡಕ್ಕೂ ಕನ್ನಡ ಪತ್ರಿಕೆಗಳು ‘ಪ್ರಾಸಿಕ್ಯೂಷನ್‌ಗೆ ಅನುಮತಿ’ ಎಂದು ಒಂದೇ ಮಾತು ಬಳಸುತ್ತವೆ. 2024ರ ಆಗಸ್ಟಿನಲ್ಲಿ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ನಿವೇಶನದ ವಿಷಯದಲ್ಲಿ ರಾಜ್ಯಪಾಲರ ಆದೇಶ ಬಂದಾಗ ಈ ಗೊಂದಲ ಎದ್ದು ಕಂಡಿತು. ಆ ವರ್ಷದ ಸೆಪ್ಟೆಂಬರ್ 24ರಂದು ಹೈಕೋರ್ಟ್ ಎತ್ತಿಹಿಡಿದದ್ದು 17ಎ ಕೆಳಗಿನ ಒಪ್ಪಿಗೆಯನ್ನು, ಅಂದರೆ ತನಿಖೆ ನಡೆಯಬಹುದು ಎಂಬುದನ್ನು.

ಎಫ್‌ಐಆರ್ ತನಿಖೆಯ ಬಾಗಿಲು. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಆದ್ದರಿಂದ ‘ಎಫ್‌ಐಆರ್ ದಾಖಲಾಗಿದೆ ಎನ್ನಲಾಗಿದೆ’ ಎಂದು ಬರೆಯುವುದು ಸೋಮಾರಿತನ. ಆರೋಪಪಟ್ಟಿಯ ವಿಷಯ ಬೇರೆ. ಅದನ್ನು ಸಾರ್ವಜನಿಕವಾಗಿ ಹಾಕಬೇಕಿಲ್ಲ ಎಂದು ಅದೇ ಕೋರ್ಟ್ 2023ರ ಜನವರಿಯಲ್ಲಿ ಹೇಳಿತು. ಹಾಗಾಗಿ ಆರೋಪಪಟ್ಟಿ ವರದಿಗಾರನ ಕೈಗೆ ಬಂದಿದೆ ಎಂದರೆ ಯಾರೋ ಕೊಟ್ಟಿದ್ದಾರೆ, ಕೊಟ್ಟವರಿಗೆ ಕಾರಣವಿದೆ. ಪೊಲೀಸರು ‘ಬಿ ರಿಪೋರ್ಟ್’ ಹಾಕಿದರೆ ಅದು ‘ಕ್ಲೀನ್ ಚಿಟ್’ ಆಗುವುದಿಲ್ಲ. ಸಾಕ್ಷ್ಯ ಸಾಲದು ಎಂದು ತನಿಖಾಧಿಕಾರಿ ಹೇಳಿದ್ದಾರೆ. ಕೋರ್ಟ್ ಒಪ್ಪಬಹುದು, ತಿರಸ್ಕರಿಸಿ ಮತ್ತೆ ತನಿಖೆ ಮಾಡಿ ಎನ್ನಬಹುದು, ದೂರುದಾರ ತಕರಾರು ಸಲ್ಲಿಸಬಹುದು. ಜಾಮೀನು ಸಿಕ್ಕರೆ ‘ಬಿಗ್ ರಿಲೀಫ್’, ಸಿಗದಿದ್ದರೆ ‘ಜೈಲೇ ಗತಿ’. ಎರಡಕ್ಕೂ ಅಪರಾಧ ನಡೆಯಿತೋ ಇಲ್ಲವೋ ಎಂಬುದಕ್ಕೂ ಸಂಬಂಧ ತೀರಾ ಕಡಿಮೆ.

ಬೇಲೆಕೇರಿಯ ಸರಣಿಯನ್ನೇ ಇಟ್ಟು ನೋಡಿದರೆ ಅಂತರ ಎಷ್ಟು ಉದ್ದ ಎಂದು ತಿಳಿಯುತ್ತದೆ. 2010ರ ಜೂನ್ 23ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ರಾಜೀನಾಮೆ ಘೋಷಿಸಿದರು. ಅದಿರು ಹಿಡಿದ ಅರಣ್ಯಾಧಿಕಾರಿಯನ್ನೇ ಅಮಾನತು ಮಾಡಹೊರಟದ್ದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಜುಲೈ ಆರಂಭದಲ್ಲಿ ಹಿಂತೆಗೆದುಕೊಂಡರು. ಅದೇ ಜುಲೈ ಕೊನೆಗೆ ಸರ್ಕಾರ ರಾಜ್ಯದ ಬಂದರುಗಳಿಂದ ಅದಿರು ರಫ್ತು ನಿಲ್ಲಿಸಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಎಂದು ಅಂಕೋಲೆಯವರು ಆಡಿಕೊಂಡಿದ್ದರೆ ತಪ್ಪಿಲ್ಲ. ಮುಂದಿನ ವರ್ಷದ ವರದಿಯ ನಂತರ ಜುಲೈ 31ರಂದು ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ವರದಿಯ ಆಧಾರದ ಮೇಲೆ ಅವರ ಮೇಲಿದ್ದ ಎಫ್‌ಐಆರ್ 2012ರ ಮಾರ್ಚ್ 7ರಂದು ಹೈಕೋರ್ಟಿನಲ್ಲಿ ರದ್ದಾಯಿತು. ಸುಪ್ರೀಂ ಕೋರ್ಟ್ ಮೇ ತಿಂಗಳಲ್ಲಿ ಸಿಬಿಐ ತನಿಖೆಗೆ ಹೇಳಿತು. 2016ರ ಅಕ್ಟೋಬರ್ 26ರಂದು ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ರಾಜೀನಾಮೆಯ ದಿನಕ್ಕೂ ಖುಲಾಸೆಯ ದಿನಕ್ಕೂ ಸುಮಾರು ಐದು ವರ್ಷ ಮೂರು ತಿಂಗಳು.

ಬೇಲೆಕೇರಿಯಿಂದ ನಡೆದ ಅಕ್ರಮ ರಫ್ತಿನ ತನಿಖೆ ಸಿಬಿಐಗೆ ಹೋದದ್ದು 2012ರ ಸೆಪ್ಟೆಂಬರಿನ ಸುಪ್ರೀಂ ಕೋರ್ಟ್ ಆದೇಶದ ಮೇಲೆ. ಕಾರವಾರದ ಸತೀಶ ಸೈಲ್ 2013ರ ಮೇ ತಿಂಗಳಲ್ಲಿ ಪಕ್ಷೇತರರಾಗಿ ಶಾಸಕರಾದರು, ಸೆಪ್ಟೆಂಬರಿನಲ್ಲಿ ಈ ತನಿಖೆಯಲ್ಲೇ ಸಿಬಿಐ ಅವರನ್ನು ಬಂಧಿಸಿತು. 2018ರಲ್ಲಿ ಸೋತರು, 2023ರಲ್ಲಿ ಕಾಂಗ್ರೆಸ್ಸಿನಿಂದ ಮತ್ತೆ ಗೆದ್ದರು. 2024ರ ಅಕ್ಟೋಬರ್ 24ರಂದು ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಆರು ಪ್ರಕರಣಗಳಲ್ಲಿ ಅವರೂ ಸೇರಿ ಹಲವರು ದೋಷಿಗಳು ಎಂದಿತು. 26ರಂದು ಏಳು ವರ್ಷದ ಶಿಕ್ಷೆ ಪ್ರಕಟವಾಯಿತು. ನವೆಂಬರಿನಲ್ಲಿ ಹೈಕೋರ್ಟ್ ಮೇಲ್ಮನವಿ ಸ್ವೀಕರಿಸಿ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಇಲ್ಲಿ ಪದಗಳನ್ನು ತೂಗಿ ನೋಡಿ: 2013ರಿಂದ 2024ರ ಅಕ್ಟೋಬರ್ 23ರ ತನಕ ‘ಆರೋಪಿ’, 24ರಿಂದ ‘ವಿಚಾರಣಾ ನ್ಯಾಯಾಲಯ ದೋಷಿ ಎಂದ’, ನವೆಂಬರ್ ನಂತರ ‘ಶಿಕ್ಷೆ ಅಮಾನತಿನಲ್ಲಿದೆ, ಮೇಲ್ಮನವಿ ಹೈಕೋರ್ಟಿನಲ್ಲಿ’. ಇದನ್ನು ‘ಹೈಕೋರ್ಟಿನಿಂದ ದೋಷಮುಕ್ತ’ ಎಂದರೆ ಸುಳ್ಳು. ‘ಅದಿರು ಕಳ್ಳ’ ಎಂದರೆ ಮಾನಹಾನಿಯ ನೋಟಿಸು.

ಶಿಕ್ಷೆಯ ಅಮಾನತು ಬೇರೆ, ದೋಷಿ ಎಂಬ ತೀರ್ಮಾನಕ್ಕೆ ತಡೆ ಬೇರೆ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಬರೆದ ಸುದ್ದಿಗಳಿಗೆ ಲೆಕ್ಕವಿಲ್ಲ. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ ಜನಪ್ರತಿನಿಧಿ ಕಾಯ್ದೆಯ 8(3)ರ ಪ್ರಕಾರ ಸ್ಥಾನ ಹೋಗುತ್ತದೆ. ಮೂರು ತಿಂಗಳ ಸಮಾಧಾನ ಕೊಡುತ್ತಿದ್ದ 8(4)ನ್ನು ಸುಪ್ರೀಂ ಕೋರ್ಟ್ 2013ರ ಜುಲೈ 10ರಂದು ತೆಗೆದುಹಾಕಿತು. ಸ್ಥಾನ ಉಳಿಸಿಕೊಳ್ಳಲು ಜೈಲಿನಿಂದ ಹೊರಗಿರುವುದಷ್ಟೇ ಸಾಲದು, ದೋಷಿ ಎಂಬ ತೀರ್ಮಾನಕ್ಕೇ ತಡೆ ತರಬೇಕು. ರಾಹುಲ್ ಗಾಂಧಿ ಪ್ರಕರಣದಲ್ಲಿ ಇದು ಹಗಲಿನಷ್ಟು ಸ್ಪಷ್ಟವಾಗಿತ್ತು: 2023ರ ಮಾರ್ಚ್ 23ರಂದು ಸೂರತ್ ಕೋರ್ಟಿನ ಶಿಕ್ಷೆ, ಆ ದಿನವೇ ಶಿಕ್ಷೆಗೆ ಅಮಾನತು, ಆದರೂ ಮರುದಿನ ಸಂಸತ್ ಸ್ಥಾನ ರದ್ದು, ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ದೋಷಿ ತೀರ್ಮಾನಕ್ಕೆ ತಡೆ ಕೊಟ್ಟ ಮೇಲೆ ಸ್ಥಾನ ವಾಪಸು.

ಕಾರವಾರದಲ್ಲಿ ಕಂಡದ್ದು ಬೆಂಗಳೂರಿನಲ್ಲಿ ಅಚ್ಚಾಗುವ ಬಗೆ

ಜಿಲ್ಲೆಯಲ್ಲಿ ಸುದ್ದಿ ಹುಟ್ಟಿಸುವವರು ಬಹುಪಾಲು ಅರೆಕಾಲಿಕ ವರದಿಗಾರರು. ಸಂಬಳ ಅಲ್ಪ, ಜಾಹೀರಾತು ತಂದರೆ ಕಮಿಷನ್. ಜಾಹೀರಾತು ಕೊಡುವವರು ಗುತ್ತಿಗೆದಾರರು, ಸಹಕಾರ ಸಂಘಗಳು, ಹುಟ್ಟುಹಬ್ಬದ ಶುಭಾಶಯ ಹಾಕಿಸುವ ಅಭಿಮಾನಿ ಬಳಗಗಳು, ಮತ್ತು ಸರ್ಕಾರ. ಶಾಸಕರ ಮೇಲೆ ಸುದ್ದಿ ಬರೆದ ತಿಂಗಳು ಯಾವ ಜಾಹೀರಾತು ನಿಂತಿತು ಎಂದು ಯಾರೂ ಬರೆದು ಕೊಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಕಾರವಾರದ ಕರಾವಳಿ ಮುಂಜಾವು, ಶಿರಸಿಯ ಲೋಕಧ್ವನಿಯಂಥ ಜಿಲ್ಲೆಯದೇ ದಿನಪತ್ರಿಕೆಗಳು ಇರುವುದರಿಂದ ಉತ್ತರ ಕನ್ನಡದ ಓದುಗರಿಗೆ ಬೇರೆ ಅನೇಕ ಜಿಲ್ಲೆಗಳಿಗಿಂತ ಒಂದು ಅನುಕೂಲ: ರಾಜ್ಯ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಾಗುವ ಸಂಗತಿ ಇಲ್ಲಿ ಮುಖಪುಟಕ್ಕೆ ಬರಬಹುದು. ರಾಜ್ಯ ಪತ್ರಿಕೆಯಲ್ಲಿ ಘಟ್ಟದ ಕೆಳಗಿನ ಸುದ್ದಿ ಘಟ್ಟದ ಮೇಲಿನ ಆವೃತ್ತಿಗೇ ಹೋಗದಿರುವುದುಂಟು.

ಲಾರಿ, ಧೂಳು, ಅಪಘಾತ, ಹದಗೆಟ್ಟ ಹೆದ್ದಾರಿ: ಅದಿರಿನ ಕಾಲದಲ್ಲಿ ಇವೆಲ್ಲ ಬಿಡಿ ಬಿಡಿಯಾಗಿ ಸುದ್ದಿಯಾಗುತ್ತಿದ್ದವು. ಅರಬೈಲಿನಲ್ಲಿ ಲಾರಿ ಉರುಳಿದರೆ ಒಂದು ಸುದ್ದಿ, ಮರದೆಲೆ ಕೆಂಪಾದರೆ ಒಂದು ಚಿತ್ರ, ‘ರಸ್ತೆ ತಡೆ’ ಎಂದರೆ ಮತ್ತೊಂದು. ದಿನಕ್ಕೆ ಎಷ್ಟು ಲಾರಿ ಇಳಿಯುತ್ತಿವೆ, ಎಷ್ಟಕ್ಕೆ ಪರ್ಮಿಟ್ ಇದೆ ಎಂಬ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟಿದ್ದರೆ ಆ ಬಿಡಿ ಸುದ್ದಿಗಳೆಲ್ಲ ಒಂದಾಗುತ್ತಿದ್ದವು. ಹೆದ್ದಾರಿಯ ಚಹಾದಂಗಡಿಯಲ್ಲಿ ಒಂದು ದಿನ, ಒಂದು ರಾತ್ರಿ ಕೂತು ಲಾರಿ ಎಣಿಸುವುದು ಮೂರು ಜನರ ಕೆಲಸ, ಕಾನೂನಿನ ತೊಡಕು ಏನೂ ಇಲ್ಲ. ಎಣಿಕೆಗೆ ನೋಂದಣಿ ಸಂಖ್ಯೆ, ಹೊತ್ತು, ದಿಕ್ಕು ಬರೆದಿಡಬೇಕು. ಖಾಲಿ ಲಾರಿಯನ್ನು ಬೇರೆ ಕಾಲಮಿನಲ್ಲಿ ಹಾಕಬೇಕು. ತುಂಬಿದ್ದೂ ಖಾಲಿಯೂ ಸೇರಿ ಎಣಿಸಿದರೆ ಲೆಕ್ಕ ದುಪ್ಪಟ್ಟಾಗಿ ಇಡೀ ವರದಿ ಬಿದ್ದುಹೋಗುತ್ತದೆ.

ಕಾಗದ ತರಿಸುವುದಕ್ಕೆ ಮಾಹಿತಿ ಹಕ್ಕು. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು, ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನ. ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ‘ಅಕ್ರಮವನ್ನು ಏಕೆ ತಡೆಯಲಿಲ್ಲ?’ ಎಂದು ಕೇಳಿದರೆ ‘ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಒಂದು ಸಾಲಿನ ಹಿಂಬರಹ ಬರುತ್ತದೆ, ಕಾನೂನಿನ ಪ್ರಕಾರ ಅದು ಸರಿಯೂ ಹೌದು. ಕೇಳಬೇಕಾದದ್ದು ಹೀಗೆ: ‘ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಬಂದರಿನಿಂದ ಹೊರಟ ಪ್ರತಿ ಬಾರ್ಜಿನ ಹೆಸರು, ದಿನಾಂಕ, ತೂಕ ನಮೂದಾದ ವಹಿಯ ಪುಟಗಳ ದೃಢೀಕೃತ ಪ್ರತಿ.’ ವಹಿಯ ಹೆಸರು ಗೊತ್ತಿಲ್ಲದಿದ್ದರೆ ಮೊದಲು ಕಡತಗಳ ಪಟ್ಟಿಯನ್ನೇ ಕೇಳಬೇಕು, ಅಥವಾ 2(ಜೆ) ಕಲಮಿನಂತೆ ಕಡತ ಪರಿಶೀಲನೆಗೆ ಅವಕಾಶ ಕೇಳಬೇಕು. ‘ತನಿಖೆ ನಡೆಯುತ್ತಿದೆ, ಕೊಡಲಾಗದು’ ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಬೇಕಿಲ್ಲ. ತನಿಖೆ ಬಾಕಿ ಇದೆ ಎಂಬುದಷ್ಟೇ ಕಾರಣವಾಗದು, ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿ ಎಂದು ತೋರಿಸಬೇಕೆಂದು ದೆಹಲಿ ಹೈಕೋರ್ಟ್ 2007ರಲ್ಲೇ ಹೇಳಿದೆ. ಬಂದರು, ಅರಣ್ಯ, ಗಣಿಗೆ ಬೇರೆ ಬೇರೆ ಅರ್ಜಿ. ಕಸ್ಟಮ್ಸ್‌ಗೆ ಕೇಂದ್ರದ ಅರ್ಜಿ, ಅಲ್ಲಿ ವ್ಯಾಪಾರದ ಗುಟ್ಟು ಎಂದು ನಿರಾಕರಿಸುವುದೇ ಹೆಚ್ಚು.

ತಾನಾಗಿ ಬಂದ ಕಾಗದಕ್ಕೆ ಇನ್ನೂ ಹೆಚ್ಚು ಎಚ್ಚರ ಬೇಕು. 2011ರ ಗಣಿ ವರದಿಯ ಭಾಗಗಳು ಸಲ್ಲಿಕೆಗೆ ಮೊದಲೇ ಸೋರಿದ್ದವು. ಸೋರಿಸುವವರು ಯಾರು? ಅದೇ ಪಕ್ಷದ ಇನ್ನೊಂದು ಬಣ, ಎತ್ತಂಗಡಿಯಾದ ಅಧಿಕಾರಿ, ಟೆಂಡರ್ ತಪ್ಪಿದ ಗುತ್ತಿಗೆದಾರ. ಅವರ ಉದ್ದೇಶ ಕೆಟ್ಟದ್ದಾದ ಮಾತ್ರಕ್ಕೆ ಕಾಗದ ಸುಳ್ಳಾಗುವುದಿಲ್ಲ, ಆದರೆ ಕೊಡದೆ ಉಳಿಸಿಕೊಂಡ ಪುಟಗಳು ಯಾವುವು ಎಂದು ಕೇಳಲೇಬೇಕು. ಪುಟಸಂಖ್ಯೆ ನೋಡಬೇಕು. ಸರ್ಕಾರಿ ಕಡತದಲ್ಲಿ ಟಿಪ್ಪಣಿ ಹಾಳೆ ಒಂದು ಭಾಗ, ಪತ್ರವ್ಯವಹಾರ ಇನ್ನೊಂದು. ಯಾರು ಏನು ಆಕ್ಷೇಪ ಬರೆದರು, ಯಾರು ಅದನ್ನು ತಳ್ಳಿಹಾಕಿ ಸಹಿ ಮಾಡಿದರು ಎಂಬುದು ಇರುವುದು ಟಿಪ್ಪಣಿ ಹಾಳೆಯಲ್ಲಿ. ಹೊರಗೆ ಬರುವುದು ಮಾತ್ರ ಸಾಮಾನ್ಯವಾಗಿ ಕೊನೆಯ ಆದೇಶ. ಕಡತ ಸಂಖ್ಯೆ ಆ ಇಲಾಖೆಯ ಮಾದರಿಯಲ್ಲಿದೆಯೇ, ಸಹಿ ಮಾಡಿದವರು ಆ ದಿನ ಆ ಹುದ್ದೆಯಲ್ಲಿದ್ದರೇ, ದಿನಾಂಕ ಭಾನುವಾರವೇ, ರವಾನೆ ವಹಿಯಲ್ಲಿ ಆ ಸಂಖ್ಯೆ ಇದೆಯೇ ಎಂದು ಹೊಂದಿಸಿ ನೋಡಬೇಕು. ಅಕ್ಷರವೂ ಸಾಕ್ಷಿ ಹೇಳುತ್ತದೆ: 1998ರ ದಿನಾಂಕ ಹೊತ್ತ ಕಾಗದ ತುಂಗಾ ಫಾಂಟಿನಲ್ಲಿದ್ದರೆ ಅದನ್ನು ಕೆಳಗಿಡಬಹುದು. ಆ ಫಾಂಟ್ ಬಂದದ್ದೇ 2001ರ ವಿಂಡೋಸ್ ಎಕ್ಸ್‌ಪಿ ಜೊತೆ.

‘ಎನ್ನಲಾಗಿದೆ’ ಕೊಡೆಯಲ್ಲ

ಕನ್ನಡ ಪತ್ರಿಕೆಗಳಲ್ಲಿ ‘ಎನ್ನಲಾಗಿದೆ’, ‘ಬಲ್ಲ ಮೂಲಗಳು ತಿಳಿಸಿವೆ’ ಎಂಬ ಮಾತುಗಳನ್ನು ಕೊಡೆಯ ಹಾಗೆ ಹಿಡಿಯುತ್ತಾರೆ. ಮಳೆ ಬಂದಾಗ ಅದು ನಿಲ್ಲುವುದಿಲ್ಲ. ಬೇರೆಯವರು ಹೇಳಿದ ಮಾನಹಾನಿಯ ಮಾತನ್ನು ಮತ್ತೆ ಅಚ್ಚು ಹಾಕಿದವರೂ ಹೊಣೆಗಾರರೇ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಮಾನಹಾನಿಗೆ ಎರಡು ವರ್ಷದವರೆಗೆ ಸಾದಾ ಸಜೆ ಇದೆ. ವಿನಾಯಿತಿಗಳೂ ಇವೆ: ಮಾತು ಸತ್ಯವಾಗಿದ್ದು ಸಾರ್ವಜನಿಕ ಹಿತಕ್ಕಾಗಿ ಇರುವುದು ಒಂದು, ಕೋರ್ಟ್ ಕಲಾಪದ ಯಥಾವತ್ತಾದ ವರದಿ ಇನ್ನೊಂದು. ಎಷ್ಟೋ ಹಗರಣ ಮೊದಲು ಸದನದಲ್ಲೇ ‘ಬಯಲಾಗುವುದು’ ಇದೇ ಕಾರಣಕ್ಕೆ. ಶಾಸನಸಭೆಯ ಕಲಾಪದ ನಿಜವಾದ ವರದಿಗೆ ಸಂವಿಧಾನದ 361ಎ ವಿಧಿಯ ರಕ್ಷಣೆ ಇದೆ; ಅದೇ ಶಾಸಕರು ಅದೇ ಕಾಗದವನ್ನು ಹೊರಗೆ ಸುದ್ದಿಗೋಷ್ಠಿಯಲ್ಲಿ ಅಲ್ಲಾಡಿಸಿದರೆ ಆ ರಕ್ಷಣೆ ಇಲ್ಲ. ಸಭಾಧ್ಯಕ್ಷರು ಕಡತದಿಂದ ತೆಗೆಸಿದ ಮಾತನ್ನು ಬರೆದರೂ ಇಲ್ಲ.

ಜೈಲಿಗಿಂತ ಹೆಚ್ಚು ಕೆಲಸ ಮಾಡುವ ಆಯುಧ ತಡೆಯಾಜ್ಞೆ. 2021ರ ಮಾರ್ಚ್‌ನಲ್ಲಿ ಸಚಿವರೊಬ್ಬರ ಸಿ.ಡಿ. ಪ್ರಕರಣ ಹೊರಬಿದ್ದ ಬೆನ್ನಲ್ಲೇ ರಾಜ್ಯದ ಇನ್ನೂ ಆರು ಸಚಿವರು ತಮ್ಮ ಬಗ್ಗೆ ಏನೂ ಪ್ರಸಾರ ಮಾಡದಂತೆ ಬೆಂಗಳೂರಿನ ಸಿವಿಲ್ ಕೋರ್ಟಿನಿಂದ ಹತ್ತಾರು ಮಾಧ್ಯಮ ಸಂಸ್ಥೆಗಳ ಮೇಲೆ ತಾತ್ಕಾಲಿಕ ತಡೆ ತಂದರು. ಇಂಥ ಆದೇಶಗಳು ಎದುರು ಪಕ್ಷದ ಮಾತು ಕೇಳದೆ ಸಿಗುತ್ತವೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39, ನಿಯಮ 3ಎ ಪ್ರಕಾರ 30 ದಿನದಲ್ಲಿ ಅರ್ಜಿ ತೀರ್ಮಾನವಾಗಬೇಕು, ಆಗುವುದು ಅಪರೂಪ. ಕಾರವಾರದ ಪತ್ರಿಕೆಗೆ ಐನೂರು ಕಿಲೋಮೀಟರ್ ದೂರ ಹೋಗಿ ವಕೀಲರನ್ನಿಟ್ಟು ತೆರವು ಮಾಡಿಸುವುದಕ್ಕಿಂತ ಸುಮ್ಮನಿರುವುದೇ ಅಗ್ಗ. ತಡೆ ತರುವವರಿಗೂ ಅದು ಗೊತ್ತು. ದೊಡ್ಡ ಸುದ್ದಿಗೆ ಮುನ್ನ ಅದೇ ಸಂಹಿತೆಯ 148ಎ ಕಲಮಿನ ಕೆಳಗೆ ಕೇವಿಯಟ್, ಅಂದರೆ ನಮ್ಮ ಮಾತನ್ನೂ ಕೇಳಿ ಎಂಬ ಮುಂಚಿತ ಅರ್ಜಿ, ಹಾಕಿದರೆ ಕೋರ್ಟ್ ಕೇಳದೆ ಆದೇಶ ಕೊಡುವುದು ಕಷ್ಟವಾಗುತ್ತದೆ. ಅದರ ಆಯಸ್ಸು 90 ದಿನ, ಮುಗಿದ ಮೇಲೆ ಮತ್ತೆ ಹಾಕಬೇಕು. ಸುದ್ದಿ ಪ್ರಕಟವಾಗುವ ಮೊದಲೇ ಯಾಂತ್ರಿಕವಾಗಿ ತಡೆ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಹೇಳಿದ್ದನ್ನು ವಕೀಲರ ಕೈಗಿಡಬೇಕು.

ಆರೋಪ ಹೊತ್ತವರ ಮಾತು ಕೇಳುವುದಕ್ಕೂ ರೀತಿ ಇದೆ. ರಾತ್ರಿ ಒಂಬತ್ತಕ್ಕೆ ಒಂದು ಸಲ ಫೋನ್ ಮಾಡಿ ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ಬರೆಯುವುದು ಎಲ್ಲರಿಗೂ ಗೊತ್ತಿರುವ ಚಾಳಿ. ಪ್ರಶ್ನೆಗಳನ್ನು ಬರಹದಲ್ಲಿ ಕಳಿಸಬೇಕು: ಇಂಥ ದಿನಾಂಕದ ಇಂಥ ಕಾಗದದಲ್ಲಿ ನಿಮ್ಮ ಸಹಿ ಇದೆ, ನಿಮ್ಮದೇ ಹೌದೇ? ಒಂದೆರಡು ದಿನ ಗಡುವು ಕೊಡಬೇಕು. ಬಂದ ಉತ್ತರವನ್ನು ಆರೋಪ ಇರುವ ಪುಟದಲ್ಲೇ ಹಾಕಬೇಕು, ಮೂರನೇ ದಿನದ ‘ಸ್ಪಷ್ಟನೆ’ಯ ಮೂಲೆಗೆ ತಳ್ಳಬಾರದು.

ಚುನಾವಣೆ ಬಂದಾಗ ಒಂದು ವಿಚಿತ್ರ ನಡೆಯುತ್ತದೆ. ಕ್ರಿಮಿನಲ್ ಪ್ರಕರಣ ಇರುವ ಅಭ್ಯರ್ಥಿ ಅದರ ವಿವರವನ್ನು ಪತ್ರಿಕೆಗಳಲ್ಲಿ ಮೂರು ಸಲ ಜಾಹೀರಾತಾಗಿ ಕೊಡಬೇಕು. ನಾಮಪತ್ರ ವಾಪಸಿನ ಗಡುವು ಮುಗಿದ ಮೊದಲ ನಾಲ್ಕು ದಿನದಲ್ಲಿ ಒಂದು, ಐದರಿಂದ ಎಂಟನೇ ದಿನದೊಳಗೆ ಇನ್ನೊಂದು, ಒಂಬತ್ತರಿಂದ ಪ್ರಚಾರದ ಕೊನೆಯ ದಿನದೊಳಗೆ ಮತ್ತೊಂದು. ಅಕ್ಷರ 12 ಪಾಯಿಂಟಿಗಿಂತ ಚಿಕ್ಕದಿರಬಾರದು. ಪ್ರಕರಣದ ಸಂಖ್ಯೆ, ಕೋರ್ಟು, ಕಲಮು, ಹಂತ, ಎಲ್ಲ ಅದರಲ್ಲಿರುತ್ತದೆ. ದುಡ್ಡು ಕೊಟ್ಟು ಅಭ್ಯರ್ಥಿಯೇ ಹಾಕಿಸಿದ ಈ ಚೌಕವೇ ಆ ದಿನದ ಪತ್ರಿಕೆಯ ಅತ್ಯಂತ ನಿಖರ ಹಗರಣ ವರದಿ ಆಗಿರುವುದುಂಟು, ಟೆಂಡರ್ ಪ್ರಕಟಣೆಗಳ ನಡುವೆ.

ಆ ಚೌಕವನ್ನು ಕತ್ತರಿಸಿ ಇಟ್ಟುಕೊಂಡರೆ ಮುಂದಿನದಕ್ಕೆ ದಾರಿ ಸಿಗುತ್ತದೆ. ಪ್ರತಿ ಪ್ರಕರಣಕ್ಕೂ 16 ಅಂಕಿ ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ದಿನಾಂಕ, ಹಿಂದಿನ ಆದೇಶಗಳು ಕಾಣುತ್ತವೆ. ಜನಪ್ರತಿನಿಧಿಗಳ ನ್ಯಾಯಾಲಯ ಬೆಂಗಳೂರಿನಲ್ಲಿದ್ದರೂ ಅಂಕೋಲೆಯಲ್ಲಿ ಕೂತವರು ವಾಯಿದೆ ತಪ್ಪಿಸಿಕೊಳ್ಳಬೇಕಿಲ್ಲ. ಎಳೆ ಕಡಿಯುವುದು ಮೇಲ್ಮನವಿ ಹೋದಾಗ: ಹೈಕೋರ್ಟಿನಲ್ಲಿ ಪ್ರಕರಣಕ್ಕೆ ಹೊಸ ಸಂಖ್ಯೆ ಬೀಳುತ್ತದೆ, ಹಳೆಯದರಲ್ಲಿ ‘ವಿಲೇವಾರಿಯಾಗಿದೆ’ ಎಂದಷ್ಟೇ ತೋರಿಸುತ್ತದೆ. ಹಳೆಯ ಸಂಖ್ಯೆಯ ಪಕ್ಕದಲ್ಲೇ ಹೊಸದನ್ನು ಬರೆದಿಟ್ಟುಕೊಳ್ಳಬೇಕು.